ಎದುರಾಳಿ ಇಲ್ಲದ ತಾಳಮದ್ದಳೆ: ಗಿಟಾರು ಕಛೇರಿಯ ಕುರಿತು ಕಾರ್ಕಳದ ಒಂದು ಸಿದ್ಧಾಂತ

ಒಬ್ಬ ಮನುಷ್ಯ, ಒಂದು ಗಿಟಾರು, ಕಾಲು ನೆಲಕ್ಕೆ ಮುಟ್ಟದಷ್ಟು ಎತ್ತರದ ಒಂದು ಸ್ಟೂಲು, ಬದಿಯಲ್ಲಿ ಒಂದು ನೀರಿನ ಬಾಟಲಿ. ತಾನೇ ಬರೆದದ್ದಕ್ಕೆ ತಾನೇ ರಾಗ ಹಾಕಿ, ತಾನೇ ನುಡಿಸಿಕೊಂಡು, ತಾನೇ ಹಾಡುವ ಈ ಪ್ರದರ್ಶನ ಪ್ರಕಾರಕ್ಕೆ ಮಣಿಪಾಲದ ಕಡೆ ಒಳ್ಳೆಯ ಗಿರಾಕಿ ಉಂಟು. ಅದನ್ನು ಕೇಳಲೆಂದು ಶನಿವಾರ ಸಂಜೆ ಕಾರ್ಕಳದ ಗೆಳೆಯರ ಗುಂಪುಗಳು ಒಂದೇ ಕಾರಿನಲ್ಲಿ ತುಂಬಿಕೊಂಡು ಬೈಲೂರು, ಹಿರಿಯಡ್ಕ, ಪರ್ಕಳದ ದಾರಿಯಾಗಿ ಹೋಗಿ ಬರುವುದೂ ಉಂಟು. ಪಂಡಿತರು ಈ ಕಡೆ ತಲೆ ಹಾಕದಿರುವುದು ನಮ್ಮ ಭಾಗ್ಯ. ಪಂಡಿತರು ಮುಟ್ಟದ ವಿಷಯದ ಮೇಲೆ ಪ್ರಬಂಧ ಬರೆಯುವುದರಲ್ಲಿ ದೊಡ್ಡದೊಂದು ಅನುಕೂಲವಿದೆ, ಖಂಡಿಸಲಿಕ್ಕೆ ಜನ ಸಿಕ್ಕುವುದಿಲ್ಲ.

ಪ್ರತಿಜ್ಞಾವಾಕ್ಯವನ್ನು ಮೊದಲೇ ಹೇಳಿಬಿಡುವುದು ಶಾಸ್ತ್ರಸಮ್ಮತ. ಅದು ಹೀಗೆ: ಗಿಟಾರು ಕಛೇರಿ ಎಂಬುದು ಪರದೇಶದ ಕಲೆಯಲ್ಲ, ಅದು ತಾಳಮದ್ದಳೆಯೇ. ಆದರೆ ಅರ್ಧ ತಾಳಮದ್ದಳೆ. ಭಾಗವತನಿದ್ದಾನೆ, ಪದವಿದೆ, ಅರ್ಥವೂ ಇದೆ. ಎದುರು ಕೂತು ಉತ್ತರ ಕೊಡುವ ಅರ್ಥಧಾರಿ ಮಾತ್ರ ಇಲ್ಲ. ಆದಕಾರಣ ಸಭೆಯಲ್ಲಿ ಗೆಳೆಯರು ಪಿಸುಗುಟ್ಟುವುದು ಅಸಭ್ಯತೆಯಲ್ಲ, ಖಾಲಿ ಬಿದ್ದ ಒಂದು ವೇಷವನ್ನು ತುಂಬುವ ಧರ್ಮಕಾರ್ಯ.

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನಲ್ಲೇ ಕೂತ ಅರ್ಥಧಾರಿಗಳು ಭಾಗವತ ಹಾಡಿದ ಪದಕ್ಕೆ ಸ್ಥಳದಲ್ಲೇ ಮಾತು ಹೊಸೆದು, ಒಬ್ಬ ಕೃಷ್ಣನಾಗಿ, ಇನ್ನೊಬ್ಬ ಕೌರವನಾಗಿ ವಾದ ಮಾಡುತ್ತಾರೆ. ಪದ ಎರಡು ನಿಮಿಷ, ಮಾತು ಇಪ್ಪತ್ತು ನಿಮಿಷ. ಕಾರ್ಕಳದ ಕಿವಿ ಪಳಗಿರುವುದು ಇಂಥ ಕೂಟಗಳಲ್ಲಿ.

ಇನ್ನು ಅಧಿಕಾರಿ ಲಕ್ಷಣ, ಅಂದರೆ ಈ ಕಛೇರಿಗೆ ಹೋಗಲು ಯೋಗ್ಯರು ಯಾರು ಎಂಬ ವಿಚಾರ. ಒಬ್ಬನೇ ಹೋಗುವವನು ಅಧಿಕಾರಿಯಲ್ಲ. ಅವನು ವಿರಹಿ, ಅವನ ಚಿಕಿತ್ಸೆ ಬೇರೆ. ಗುಂಪು ಬೇಕು. ಗುಂಪಿನಲ್ಲಿ ಮೊದಲನೆಯವನು ಪ್ರೇರಕ. ಹಾಡುಗಾರನ ಹೆಸರು ಗೊತ್ತಿರುವುದು ಇವನೊಬ್ಬನಿಗೇ. ಒಂದು ವಾರದಿಂದ ವಾಟ್ಸಾಪಿನಲ್ಲಿ ಲಿಂಕು ಕಳಿಸಿದ್ದಾನೆ, ಯಾರೂ ತೆರೆದು ನೋಡಿಲ್ಲ. ಎರಡನೆಯವನು ವಾಹನಧಾರಿ, ಇವನಿಗೆ ಸಂಗೀತದಲ್ಲಿ ಆಸಕ್ತಿ ಇರಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಮೂರನೆಯವನು ಅನ್ನಾರ್ಥಿ. ಕಛೇರಿ ಮುಗಿದ ಮೇಲೆ ಎಲ್ಲಿ ಊಟ ಎಂಬುದು ಗೊತ್ತಾದ ಮೇಲೆಯೇ ಇವನು ಮನೆಯಿಂದ ಹೊರಡುವುದು. ನಾಲ್ಕನೆಯವನು ಪೂರ್ವಪಕ್ಷಿ. ಊರಿನ ಯಕ್ಷಗಾನ ಸಂಘದಲ್ಲಿ ಚಿಕ್ಕಂದಿನಿಂದ ಅರ್ಥ ಹೇಳಿ ಹೇಳಿ ನಾಲಗೆಗೆ ಸಾಣೆ ಹಿಡಿಸಿಕೊಂಡವನು, ಯಾರು ಏನೇ ಹೇಳಿದರೂ ಅದಕ್ಕೊಂದು ಎದುರು ಮಾತು ಇರಲೇಬೇಕೆಂದು ನಂಬಿದವನು. ಇವನಿಲ್ಲದೆ ಪ್ರಸ್ತುತ ಪ್ರಬಂಧವಿಲ್ಲ. ಐದನೆಯವನು ಸಂಶೋಧಕ; ವಿನಯದಿಂದ ಅವನ ವರ್ಣನೆ ಬಿಟ್ಟಿದೆ.

ಈಗ ದೇಶವಿಚಾರ. ಕಾರ್ಕಳದವನ ಅಳತೆಗೋಲೇ ಬೇರೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಗೊಮ್ಮಟ ಸುಮಾರು 42 ಅಡಿ, ಒಂದೇ ಕಲ್ಲು. 1586ರ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿನಿಂದಲೂ ಒಂದೇ ಮುಖ. ಯಾವ ಕಡೆಯಿಂದ ಬಂದರೂ ತಡವಾಯಿತು ಎಂದು ಹಿಂದಿನ ಬಾಗಿಲಿನಿಂದ ನುಗ್ಗುವ ಸೌಲಭ್ಯವಿಲ್ಲ. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲೇ ಕಡೆದ 39 ಅಡಿಯ ಬಾಹುಬಲಿ 1973ರಲ್ಲಿ ಧರ್ಮಸ್ಥಳಕ್ಕೆ ಹೊರಟ ಮೆರವಣಿಗೆಯನ್ನು ನೋಡಿದವರು ಇನ್ನೂ ಬೇರೆ ಮೆರವಣಿಗೆಗಳನ್ನು ಮೆರವಣಿಗೆ ಎಂದು ಒಪ್ಪುವುದಿಲ್ಲ. ಹತ್ತಿರದ ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಉತ್ಸವಕ್ಕೆ ಹೋದರೆ ವೇದಿಕೆಯ ಮೇಲಿನ ವಾದ್ಯಗಾರರನ್ನು ಎಣಿಸುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ. ಇಂಥ ಊರಿನವನನ್ನು ಒಂದು ಮರದ ಪೆಟ್ಟಿಗೆ ತಬ್ಬಿಕೊಂಡು ಕೂತ ಒಬ್ಬಂಟಿಯ ಮುಂದೆ ಕೂರಿಸಿದರೆ ಅವನು ಕೇಳುವ ಮೊದಲ ಪ್ರಶ್ನೆ, "ಉಳಿದವರು ಎಲ್ಲಿ?"

ಇದಕ್ಕೆ ಪ್ರೇರಕನ ಆಕ್ಷೇಪ ಹೀಗಿತ್ತು: "ಗೊಮ್ಮಟನೂ ಒಬ್ಬನೇ ಅಲ್ಲವಾ ಮಾರಾಯ? ಅವನಿಗೆ ಅಲಂಕಾರ ಉಂಟಾ, ಹಿಮ್ಮೇಳ ಉಂಟಾ?" ಆಕ್ಷೇಪ ಬಲವಾದದ್ದೇ. ಪೂರ್ವಪಕ್ಷಿಯ ಸಮಾಧಾನ: "ಹೌದು. ಆದರೆ ಗೊಮ್ಮಟ ಮಧ್ಯೆ ಮಧ್ಯೆ ವಿವರಣೆ ಕೊಡುವುದಿಲ್ಲ."

ಇಲ್ಲಿಂದ ಪ್ರಬಂಧದ ಮುಖ್ಯ ಭಾಗ. ಆದರೆ ಅದಕ್ಕೆ ಮುನ್ನ ಇತಿಹಾಸ ಹೇಳದಿದ್ದರೆ ಪ್ರಬಂಧಕ್ಕೆ ತೂಕ ಬರುವುದಿಲ್ಲ. ಕರಾವಳಿಯಲ್ಲಿ ಹಾಡಿನ ಕೆಲಸ ಹಂಚಿಹೋಗಿದೆ. ಪ್ರಸಂಗ ಬರೆಯುವವನು ಒಬ್ಬ, ಹಾಡುವ ಭಾಗವತ ಒಬ್ಬ, ಚೆಂಡೆಗೊಬ್ಬ, ಮದ್ದಳೆಗೊಬ್ಬ, ಅರ್ಥಕ್ಕೆ ನಾಲ್ಕು ಜನ. ಕನ್ನಡದ ಸುಗಮ ಸಂಗೀತದಲ್ಲೂ ಹಾಗೆಯೇ. 1914ರಲ್ಲಿ ಉಡುಪಿ ಸೀಮೆಯ ಆರೂರಿನಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು ಕವಿಗಳ ಪದ್ಯವನ್ನು ಮನೆಮನೆಗೆ ಮುಟ್ಟಿಸಿದರು. ಬರೆದವರು ಕವಿಗಳು, ಹಾಡಿದವರು ರಾಯರು. ಎರಡನ್ನೂ ಒಬ್ಬನೇ ಮಾಡಿದರೆ ಒಬ್ಬನ ಸಂಭಾವನೆ ಉಳಿಯುತ್ತದೆ, ಐದಾರು ಜನರಿಗೆ ಕೆಲಸ ತಪ್ಪುತ್ತದೆ. ಗಿಟಾರು ಕಛೇರಿಯ ಅರ್ಥಶಾಸ್ತ್ರ ಇಷ್ಟೇ.

ಎರಡನ್ನೂ ಮಾಡಿದವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಕಟೀಲು ಮೇಳದಲ್ಲಿ ಜಾಗಟೆ ಹಿಡಿದು ಹಾಡಿದವರು, ಪ್ರಸಂಗಗಳನ್ನು ಬರೆದವರೂ ಹೌದು. ಐದು ದಿನ ನಡೆಯುವ ದೇವಿಮಹಾತ್ಮೆಯನ್ನು ಹೊಸೆದವರು. ಮೈಕಿಲ್ಲದ ಕಾಲದ ಕಂಠ ಅದು, ಗದ್ದೆಯ ಆಚೆ ಬದಿಗೆ ಕೂತವನಿಗೂ ಸಾಹಿತ್ಯ ಬಿಡಿಬಿಡಿಯಾಗಿ ಕೇಳುತ್ತಿತ್ತು. ಅಕೌಸ್ಟಿಕ್ ಎಂಬ ವಿಶೇಷಣಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ಸಂಶೋಧಕನಿಗೆ ಸಿಕ್ಕಿಲ್ಲ. ಈಚಿನ ಗಿಟಾರು ಪರಂಪರೆಗೆ ಬಂದರೆ ಮೈಸೂರಿನ ರಘು ದೀಕ್ಷಿತರಿದ್ದಾರೆ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ, ಭರತನಾಟ್ಯದ ಅಭ್ಯಾಸ, ಇವೆರಡನ್ನೂ ಬದಿಗಿಟ್ಟು ಗಿಟಾರು ಎತ್ತಿಕೊಂಡವರು. 2008ರಲ್ಲಿ ಮೊದಲ ಆಲ್ಬಂ ತಂದರು. ಆದರೆ ಅವರೂ ತಮ್ಮ ಹಾಡುಗಳ ಜೊತೆಗೆ ಶಿಶುನಾಳ ಷರೀಫರನ್ನು ಕರೆದುಕೊಂಡೇ ವೇದಿಕೆ ಹತ್ತುತ್ತಾರೆ. ಒಬ್ಬನೇ ಹೋಗುವುದಕ್ಕೆ ಕನ್ನಡದವನಿಗೆ ಧೈರ್ಯ ಸಾಲದು ಎಂಬುದಕ್ಕೆ ಇದು ಸಾಕ್ಷ್ಯ. ತುಲನಾತ್ಮಕವಾಗಿ ನೋಡಿದರೆ, ಬಾಬ್ ಡಿಲನ್ 1965ರಲ್ಲಿ ನ್ಯೂಪೋರ್ಟಿನ ಜನಪದ ಸಂಗೀತೋತ್ಸವದಲ್ಲಿ ವಿದ್ಯುತ್ ಗಿಟಾರು ಹಿಡಿದಾಗ ಸಭಿಕರಲ್ಲಿ ಕೆಲವರು ಕೂಗಿ ಗದ್ದಲವೆಬ್ಬಿಸಿದರು. ನಮ್ಮಲ್ಲಿ ಶಿವರಾಮ ಕಾರಂತರು ಯಕ್ಷಗಾನದ ಬ್ಯಾಲೆಗೆ ವಯಲಿನ್ನೂ ಸ್ಯಾಕ್ಸೊಫೋನೂ ತಂದಾಗಲೂ ಗದ್ದಲವಾಯಿತು. ಡಿಲನ್ನಿಗೆ 2016ರಲ್ಲಿ ನೊಬೆಲ್ ಬಂತು. ಕಾರಂತರಿಗೆ 1977ರಲ್ಲೇ ಜ್ಞಾನಪೀಠ ಬಂದಿತ್ತು. ಈ ಒಂದು ವಿಷಯದಲ್ಲಿ ನಾವು ಮುಂದೆ.

ಉಪಕರಣ ವಿಚಾರ ಚಿಕ್ಕದು. ಅಕೌಸ್ಟಿಕ್ ಎಂದು ಟಿಕೆಟ್ಟಿನ ಮೇಲೆ ಬರೆದಿದ್ದರೂ ವೇದಿಕೆಯಲ್ಲಿ ವೈರುಗಳಿಗೆ ಕೊರತೆಯಿಲ್ಲ. ಬಾಯಿಗೊಂದು ಮೈಕು, ಗಿಟಾರಿನ ಹೊಟ್ಟೆಗೊಂದು, ಕಾಲಬುಡದಲ್ಲಿ ಮೆಟ್ಟುವ ಪೆಟ್ಟಿಗೆ ಒಂದು, ಇವೆಲ್ಲ ಸರಿಯಿದೆಯೇ ಎಂದು ನೋಡಲು ಹಿಂದಿನ ಸಾಲಿನಲ್ಲಿ ಕಪ್ಪು ಅಂಗಿಯ ಒಬ್ಬ ಮನುಷ್ಯ. ಹಾಡುಗಾರ ಎರಡು ಹಾಡಿಗೊಮ್ಮೆ ಗಿಟಾರಿನ ಕುತ್ತಿಗೆಗೆ ಒಂದು ಕ್ಲಿಪ್ಪು ಸಿಕ್ಕಿಸುತ್ತಾನೆ. ಅನ್ನಾರ್ಥಿಯ ಪ್ರಕಾರ ಅದು ಅಂಗಳದಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪೇ. ಶ್ರುತಿ ಏರಿಸಲಿಕ್ಕೆ ಎಂದು ಪ್ರೇರಕ ತಿದ್ದಿದ. ಇಷ್ಟು ಸುಲಭದಲ್ಲಿ ಶ್ರುತಿ ಏರುವುದಾದರೆ ಭಾಗವತರು ಯಾಕೆ ಗಂಟಲು ಹರಿದುಕೊಂಡರು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಇದಕ್ಕಿಂತ ಘನವಾದದ್ದು ಕಾಲವಿಚಾರ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. 2022ರ ತಿರುಗಾಟದಲ್ಲಿ ಕಟೀಲಿನ ಮೇಳಗಳೂ ಕಾಲಮಿತಿಗೆ ಇಳಿಯಬೇಕಾಗಿ ಬಂದು ಊರೂರಲ್ಲಿ ಚರ್ಚೆಯಾದದ್ದು ಎಲ್ಲರಿಗೂ ನೆನಪಿದೆ. ಆದರೆ ನಾಲ್ಕು ಗೋಡೆಯ ಒಳಗಿನ ಸಭಾಂಗಣಕ್ಕೆ ಈ ಅಡ್ಡಿಯಿಲ್ಲ. ಅಂದರೆ ಬೆಳಗಾಗುವ ತನಕ ಹಾಡಬೇಕೆಂದಿದ್ದ ಚೆಂಡೆಗೆ ಆಗ ಅನುಮತಿ ಇರಲಿಲ್ಲ. ಬೆಳಗಾಗುವ ತನಕ ಹಾಡಲು ಅನುಮತಿ ಇರುವ ಗಿಟಾರು ಒಂಬತ್ತೂವರೆಗೆ ಧನ್ಯವಾದ ಹೇಳಿ ಎದ್ದುಹೋಗುತ್ತದೆ. ಬ್ರಹ್ಮ ಬರೆದ ಹಣೆಬರಹದಲ್ಲಿ ಇಂಥ ವಿಲೋಮಗಳು ಬಹಳ.

ಈಗ ಅರ್ಥಗಾರಿಕೆ. ಪ್ರತಿ ಹಾಡಿಗೂ ಮುಂಚೆ ಹಾಡುಗಾರ ಒಂದು ಪೀಠಿಕೆ ಹೇಳುತ್ತಾನೆ. ನಾವು ಐವರು ಹೋದ ಕಛೇರಿಯಲ್ಲಿ ಅದು ಹೀಗೆ ಶುರುವಾಯಿತು: "ಈ ಹಾಡನ್ನು ನಾನು ಬೆಂಗಳೂರಲ್ಲಿ ಬಾಡಿಗೆ ರೂಮಲ್ಲಿದ್ದಾಗ ಬರೆದದ್ದು. ಹೊರಗೆ ಜೋರು ಮಳೆ..." ಪೂರ್ವಪಕ್ಷಿ ಕುರ್ಚಿಯಲ್ಲಿ ಮುಂದಕ್ಕೆ ಸರಿದ. "ಬೆಂಗಳೂರಿನದ್ದೂ ಒಂದು ಮಳೆಯಾ?" ವರ್ಷಕ್ಕೆ 7,000 ಮಿಲಿಮೀಟರು ದಾಟುವ ಆಗುಂಬೆಯ ಬುಡದಲ್ಲಿ ಬೆಳೆದವನ ಎದುರು 1,000ದ ಆಸುಪಾಸಿನ ಮಳೆಯನ್ನು ವಿರಹದ ಕಾರಣವೆಂದು ಮಂಡಿಸುವುದು ಪ್ರಮಾಣದೋಷ. ಆದರೆ ಇದು ಬರೀ ಏರುಪದ, ಅಂದರೆ ಯುದ್ಧಕ್ಕೆ ಹುರಿಗೊಳಿಸುವ ಪದ. ನಿಜವಾದ ಯುದ್ಧ ಮುಂದಿನ ಹಾಡಿಗೆ.

ಆ ಹಾಡು ಹೋದವಳ ಕುರಿತದ್ದು. ಈ ಪ್ರಕಾರದಲ್ಲಿ ಹತ್ತಕ್ಕೆ ಏಳು ಹಾಡು ಹೋದವಳ ಕುರಿತದ್ದೇ. ಉಳಿದ ಮೂರು, ಬಾರದವಳ ಕುರಿತದ್ದು. ಅವಳು ಹೋದಳು, ಚಹದ ಕಪ್ಪು ತಣ್ಣಗಾಯಿತು, ಗೋಡೆಯಲ್ಲಿ ಮೊಳೆ ಮಾತ್ರ ಉಳಿಯಿತು ಎಂಬಿತ್ಯಾದಿ. ಸಭೆಯಲ್ಲಿ ಅಲ್ಲಲ್ಲಿ ನಿಟ್ಟುಸಿರು. ಪೂರ್ವಪಕ್ಷಿಗೆ ಮಾತ್ರ ಸಮಾಧಾನವಿಲ್ಲ.

"ಹೋದದ್ದು ಸರಿ. ಯಾಕೆ ಹೋದಳು? ಅವಳ ಪಕ್ಷದ ಮಾತು ಎಲ್ಲಿ?"

ಇಲ್ಲಿ ಸಂಶೋಧಕ ನಗೆಯನ್ನು ಸ್ವಲ್ಪ ಬದಿಗಿಟ್ಟು ಒಂದು ಮಾತು ಹೇಳುತ್ತಾನೆ. ವಾಲಿವಧೆ ಪ್ರಸಂಗವನ್ನು ನೋಡಿ. ಬಾಣ ಬಿಟ್ಟದ್ದು ರಾಮ, ಮರೆಯಲ್ಲಿ ನಿಂತು ಬಿಟ್ಟದ್ದು. ಎದೆಯಲ್ಲಿ ಬಾಣ ನಾಟಿಸಿಕೊಂಡು ಬಿದ್ದ ವಾಲಿ ನಮ್ಮ ಕೂಟಗಳಲ್ಲಿ ಒಂದು ಗಂಟೆ ಕಾಲ ರಾಮನನ್ನೇ ಪ್ರಶ್ನೆ ಕೇಳುತ್ತಾನೆ. ದೇವರೇ ಬಂದರೂ ಎದುರಿನವನ ಸರದಿ ಮುಗಿಯುವ ತನಕ ಕಾಯಬೇಕು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೇಳಿದವರು, ರಾಮನ ಭಕ್ತರಾಗಿಯೇ ಮನೆಯಿಂದ ಹೊರಟವರು, ಮರಳುವಾಗ ದಾರಿಯುದ್ದಕ್ಕೂ ರಾವಣನ ವಕಾಲತ್ತು ವಹಿಸುತ್ತಿದ್ದರು. ಸೋತವನಿಗೂ ಮಾತಿಗೆ ಸಮಪಾಲು ಕೊಡುವ ಇಂಥ ರಂಗ ಇಟ್ಟುಕೊಂಡ ನಾವು, ಹೋದವಳಿಗೆ ಎರಡು ನಿಮಿಷ ಕೊಡದ ಹಾಡಿಗೆ ಚಪ್ಪಾಳೆ ತಟ್ಟುತ್ತೇವಲ್ಲ!

ಪೂರ್ವಪಕ್ಷಿ ಆ ಎರಡು ನಿಮಿಷವನ್ನು ತಾನೇ ಕೊಟ್ಟ. ಹೋದವಳ ವೇಷ ಅವನದು, ದನಿ ತಗ್ಗಿಸಿ, ಆದರೆ ಶುದ್ಧ ಅರ್ಥಗಾರಿಕೆಯ ಶೈಲಿಯಲ್ಲಿ: "ಎಲೈ ಗಾಯಕನೇ, ಚಹದ ಕಪ್ಪು ತಣ್ಣಗಾಯಿತೆಂದು ದೂರುತ್ತೀಯಲ್ಲ, ಆ ಚಹ ಮಾಡಿದವರು ಯಾರು? ನಾನು ಕರೆ ಮಾಡಿದಾಗ ನೀನು ರಾಗ ಕಟ್ಟುತ್ತಿದ್ದೆ ಎಂದು ಎರಡನೇ ಚರಣದಲ್ಲಿ ನೀನೇ ಒಪ್ಪಿಕೊಂಡಿದ್ದೀಯೆ. ಒಪ್ಪಿಕೊಂಡ ಅಪರಾಧಕ್ಕೆ ಪಲ್ಲವಿಯಲ್ಲಿ ನನ್ನನ್ನು ಮತ್ತೆ ಮತ್ತೆ ಕರೆಯುವುದು ಯಾವ ಧರ್ಮ?" ಮುಂದಿನ ಸಾಲಿನ ಹುಡುಗಿ ಸರ್ರನೆ ತಿರುಗಿದಳು. ವಾಹನಧಾರಿ ತಲೆ ತಗ್ಗಿಸಿದ. ಹುಡುಗಿ ಹೇಳಿದ್ದಿಷ್ಟು: "ಸ್ವಲ್ಪ ಜೋರು ಹೇಳಿ, ಇಲ್ಲಿಗೆ ಸರಿ ಕೇಳುವುದಿಲ್ಲ."

ಇದು ಇಂದಿನ ಉಡಾಫೆ ಎಂದು ಯಾರಾದರೂ ಮೂಗು ಮುರಿದರೆ ಅವರನ್ನು ನಂದಳಿಕೆಗೆ ಕರೆದೊಯ್ಯಬೇಕು. ಕಾರ್ಕಳ ತಾಲೂಕಿನ ಆ ಊರಿನಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದವನು. ರತ್ನಾವತಿ ಕಲ್ಯಾಣ, ಕುಮಾರವಿಜಯ ಎಂಬ ಯಕ್ಷಗಾನ ಪ್ರಸಂಗಗಳನ್ನು ಬರೆದ ಕಾರಣ ಅವನು ನಮ್ಮ ತಾಲೂಕಿನ ಪ್ರಮಾಣಿತ ಹಾಡುಗಬ್ಬಿಗ. ಬರೆದದ್ದನ್ನು ತನ್ನದೆಂದು ಹೇಳಲು ಸಂಕೋಚಪಟ್ಟು, ಹಳೆಯ ಕವಿಯೊಬ್ಬನ ಕೃತಿಯೆಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳಿಸಿದ. ಹಾಡಿಗೊಂದು ಆತ್ಮಕಥೆ ಹೇಳುವ ಇಂದಿನವರು ಈ ಭಾಗವನ್ನು ಎರಡು ಸಲ ಓದಬೇಕಾಗಿ ವಿನಂತಿ. ಅದಕ್ಕಿಂತ ಮುಖ್ಯವಾಗಿ ಅವನ ರಾಮಾಶ್ವಮೇಧದಲ್ಲಿ ಏನಿದೆ? ಕಥೆ ಹೇಳುವವನ ಎದುರು ಅವನ ಹೆಂಡತಿ ಮನೋರಮೆ ಕೂತಿದ್ದಾಳೆ. ಬೇಸರವಾದರೆ ಬೇಸರ ಎನ್ನುತ್ತಾಳೆ, ಅರ್ಥವಾಗದಿದ್ದರೆ ನಿಲ್ಲಿಸುತ್ತಾಳೆ, ಹಂಗಿಸುತ್ತಾಳೆ, ಕೆಣಕುತ್ತಾಳೆ. ಎದುರಾಳಿ ಇಲ್ಲದೆ ಕಥನ ನಡೆಯದು ಎಂದು ನಂದಳಿಕೆಯವನಿಗೆ ಗೊತ್ತಿತ್ತು. 31ನೇ ವಯಸ್ಸಿನಲ್ಲಿ, 1901ರಲ್ಲಿ, ಕ್ಷಯರೋಗದಿಂದ ತೀರಿಕೊಂಡ. ಇಷ್ಟನ್ನು ಕಂಡುಕೊಳ್ಳಲು ಅವನಿಗೆ ಅಷ್ಟು ಆಯುಸ್ಸು ಸಾಕಾಯಿತು. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಬಯಲು ರಂಗಮಂದಿರಕ್ಕೆ ಅವನದೇ ಹೆಸರು, ಮುದ್ದಣ ಮಂಟಪ. ಮನೋರಮೆಗೊಂದು ಮಂಟಪ ಬೇಕು ಎಂಬುದು ಈ ಪ್ರಬಂಧದ ಉಪಬೇಡಿಕೆ.

ಸಭಿಕರ ಪ್ರತಿಕ್ರಿಯೆಯನ್ನು ಶಾಸ್ತ್ರೀಯವಾಗಿ ಅಳೆಯದೆ ಬಿಡುವಂತಿಲ್ಲ. ಅದಕ್ಕೆ ಭರತಮುನಿ ನಾಟ್ಯಶಾಸ್ತ್ರದ 27ನೇ ಅಧ್ಯಾಯದಲ್ಲಿ ಮಾನದಂಡ ಕೊಟ್ಟಿದ್ದಾನೆ. ಪ್ರದರ್ಶನದ ಸಿದ್ಧಿ ಎರಡು ಬಗೆ, ಮಾನುಷಿ ಮತ್ತು ದೈವಿಕಿ. ಮುಗುಳುನಗೆ, ಅರೆನಗೆ, ಅಟ್ಟಹಾಸ, ಭಲೆ ಎನ್ನುವುದು, ಅಯ್ಯೋ ಎನ್ನುವುದು, ಮೈ ನವಿರೇಳುವುದು, ಕೂತಲ್ಲಿಂದ ಏಳುವುದು, ಮೈಮೇಲಿನ ಬಟ್ಟೆ ಉಂಗುರ ತೆಗೆದು ಎಸೆಯುವುದು ಇವು ಮಾನುಷಿ. ಮಣಿಪಾಲದಲ್ಲಿ ಉಂಗುರ ಎಸೆದವರು ಕಾಣಲಿಲ್ಲ. ಏಳುವುದು ಉಂಟು, ಆದರೆ ಹೆಚ್ಚಿನಂಶ ಶೌಚಾಲಯಕ್ಕೆ. ಮೊಬೈಲಿನ ಟಾರ್ಚು ಹಚ್ಚಿ ಕೈ ಎತ್ತಿ ಅತ್ತಿತ್ತ ಆಡಿಸುವ ಒಂದು ಕ್ರಿಯೆ ಮುನಿಯ ಪಟ್ಟಿಯಲ್ಲಿಲ್ಲ. ನಮ್ಮ ಅನ್ನಾರ್ಥಿ ಅದನ್ನು ಕಂಡೊಡನೆ ಕರೆಂಟು ಹೋಯಿತೆಂದು ಎದ್ದುನಿಂತ. ವಿಘ್ನಗಳ ಪಟ್ಟಿಯಲ್ಲಿ ಗಾಳಿ, ಬೆಂಕಿ, ಮಳೆ, ಆನೆ, ಹಾವು, ಇರುವೆ ಎಲ್ಲವನ್ನೂ ಹೇಳಿದ ಮುನಿ, "ನಿಮ್ಮ ಕಡೆ ಸೌಂಡ್ ಬರ್ತಾ ಇದೆಯಾ?" ಎಂದು ಮೂರು ಹಾಡಿಗೊಮ್ಮೆ ಕೇಳುವ ಗಾಯಕನನ್ನು ಊಹಿಸಿರಲಿಲ್ಲ.

ದೈವಿಕಿ ಸಿದ್ಧಿ ಅಪರೂಪದ್ದು. ಸಭೆ ತುಂಬಿರಬೇಕು, ಸದ್ದೂ ಇರಬಾರದು, ಗಲಿಬಿಲಿಯೂ ಇರಬಾರದು. ಪ್ರಾಮಾಣಿಕ ಸಂಶೋಧಕನಾಗಿ ದಾಖಲಿಸಬೇಕಾದ ಸಂಗತಿ, ಅದೂ ಒಮ್ಮೆ ಆಯಿತು. ಕೊನೆಗೆ ಬಂದ ಹಾಡಿಗೆ ಅವನು ಪೀಠಿಕೆ ಹೇಳಲಿಲ್ಲ. ಅಮ್ಮ ಮತ್ತು ಮಗನ ಫೋನ್ ಮಾತುಕತೆ ಅದು. ಒಂದು ಚರಣ ಅವಳದು, ಒಂದು ಚರಣ ಇವನದು. ಮಗ ಹೇಳುವ ಸುಳ್ಳು ಅಮ್ಮನಿಗೆ ಗೊತ್ತು, ಅಮ್ಮ ನಂಬಿದಂತೆ ನಟಿಸುವುದು ಮಗನಿಗೂ ಗೊತ್ತು. ಪೂರ್ವಪಕ್ಷಿ ಬಾಯಿ ತೆರೆಯಲಿಲ್ಲ. ತೆರೆಯಲು ಅವನಿಗೆ ಕೆಲಸವೇ ಇರಲಿಲ್ಲ. ಎದುರು ಪಾತ್ರ ಹಾಡಿನೊಳಗೇ ಇತ್ತು. ಸಿದ್ಧಾಂತಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಯಾವುದು?

ಆಮೇಲಿನದು ಊಟ. ದೀಪ ಬೆಳಗುವುದು, ಶಾಲು, ಹಾರ, ಸ್ಮರಣಿಕೆ, ವಂದನಾರ್ಪಣೆ ಯಾವುದೂ ಇಲ್ಲದ ಕಾರಣ ಕಾರ್ಯಕ್ರಮ ನಿಜವಾಗಿಯೂ ಮುಗಿಯಿತೆಂದು ವಾಹನಧಾರಿಯನ್ನು ನಂಬಿಸಲು ಹತ್ತು ನಿಮಿಷ ಹಿಡಿಯಿತು. ಅನ್ನಾರ್ಥಿ ಊಟದ ಗುಣಗಾನ ಮಾಡಿದ, ಅದು ಈ ಪ್ರಬಂಧದ ವ್ಯಾಪ್ತಿಗೆ ಸೇರದು. ಪರ್ಕಳ ದಾಟುವಾಗ ಚರ್ಚೆ ಶುರುವಾಯಿತು. ಹೋದವಳದ್ದು ಸರಿಯೋ ಹಾಡಿದವನದ್ದು ಸರಿಯೋ ಎಂದು. ಹಿರಿಯಡ್ಕದಲ್ಲಿ ಪ್ರೇರಕ ಗಾಯಕನ ಪಕ್ಷ ಬಿಟ್ಟು ಹೋದವಳ ಪಕ್ಷಕ್ಕೆ ಸೇರಿದ. ಬೈಲೂರು ಬಂದಾಗ ಪೂರ್ವಪಕ್ಷಿ, ಎದುರು ಯಾರೂ ಉಳಿಯಲಿಲ್ಲವೆಂದು, ತಾನೇ ಗಾಯಕನ ಪಕ್ಷ ಹಿಡಿದ. ಆ ಕಾರಿನಲ್ಲಿ ನಡೆದದ್ದೇ ಕಛೇರಿಯ ಉತ್ತರಾರ್ಧ ಎಂಬುದು ಸಂಶೋಧಕನ ತೀರ್ಮಾನ. ಟಿಕೆಟ್ಟಿನ ದುಡ್ಡು ವಸೂಲಾದದ್ದೂ ಅಲ್ಲಿಯೇ.

ಆದ್ದರಿಂದ ಮಣಿಪಾಲ, ಉಡುಪಿ, ಕಾಪು ಕಡೆಯ ಸಂಘಟಕರಲ್ಲಿ ಒಂದು ಮನವಿ. ಗಿಟಾರಿನ ಎದುರು ಇನ್ನೊಂದು ಕುರ್ಚಿ ಹಾಕಿ, ಅದರ ಮುಂದೊಂದು ಮೈಕು ಇಡಿ. ಪ್ರತಿ ಹಾಡಿನ ನಂತರ ಹೋದವಳ ಪರವಾಗಿ ಐದು ನಿಮಿಷ ಮಾತಾಡಲು ನುರಿತ ಅರ್ಥಧಾರಿಗಳು ಕಾರ್ಕಳದಲ್ಲಿ ಸಿಗುತ್ತಾರೆ. ಸಂಭಾವನೆಯ ಪ್ರಶ್ನೆಯಿಲ್ಲ. ಹೋಗಿ ಬರುವ ಪೆಟ್ರೋಲು, ಐದು ಜನರಿಗೆ ರಾತ್ರಿಯೂಟ, ಇಷ್ಟನ್ನು ಮಾತ್ರ ಮುಂಚಿತವಾಗಿ ತಿಳಿಸಿ.